ವಿದೇಶದ ಸಣ್ಣ ಊರುಗಳ ವಲಸೆ ಹಾದಿ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪದವೀಧರರು ಅರಿಯಬೇಕಾದ ಸಂಗತಿಗಳು

ನಮ್ಮ ವರದಿಗಾರರಿಂದ

ವಿಜಯಪುರ: ಗುಳೆ ಎಂಬ ಶಬ್ದಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದಲ್ಲಿ ವಿವರಣೆ ಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಗೋವಾ, ಮಂಗಳೂರು, ಪುಣೆ, ಮುಂಬೈಗಳತ್ತ ಗಂಟುಮೂಟೆ ಕಟ್ಟಿಕೊಂಡು ಹೊರಡುವ ಕುಟುಂಬಗಳನ್ನು ಈ ನೆಲ ತಲೆಮಾರುಗಳಿಂದ ಕಂಡಿದೆ. ಅದೇ ಊರುಗಳ ಈಗಿನ ತಲೆಮಾರಿನವರಲ್ಲಿ ಎಂಜಿನಿಯರಿಂಗ್, ನರ್ಸಿಂಗ್, ಕೃಷಿ ವಿಜ್ಞಾನ, ಐಟಿಐ ಓದಿದವರಿದ್ದಾರೆ. ಅವರಲ್ಲಿ ಕೆಲವರ ದೃಷ್ಟಿ ಕೆನಡಾ, ಆಸ್ಟ್ರೇಲಿಯಾಗಳ ಮೇಲಿದೆ. ಗುಳೆ ಹೋದವನು ಕೆಲಸ ಸಿಗದಿದ್ದರೆ ಮರುವಾರ ಊರಿಗೆ ಮರಳಬಹುದು. ಮನೆ ಒತ್ತೆಯಿಟ್ಟು ವಿದೇಶಕ್ಕೆ ಹೋದವನಿಗೆ ಆ ಸೌಲಭ್ಯವಿಲ್ಲ.

ಆದ್ದರಿಂದಲೇ 'ಪ್ರಾದೇಶಿಕ ವಲಸೆ' ಎಂಬ ಮಾತನ್ನು ಸರಿಯಾಗಿ ಅರಿತುಕೊಳ್ಳುವುದು ಅವಶ್ಯ. ಟೊರಾಂಟೊ, ಸಿಡ್ನಿ, ಮೆಲ್ಬರ್ನ್‌ನಂತಹ ಮಹಾನಗರಗಳಿಗೆ ಹೊರಗಿನಿಂದ ಬರುವವರ ಕೊರತೆಯಿಲ್ಲ. ಅವುಗಳಿಂದ ದೂರವಿರುವ ಸಣ್ಣ ಪಟ್ಟಣಗಳಲ್ಲಿ ದಾದಿಯರು, ವೆಲ್ಡರ್‌ಗಳು, ಎಂಜಿನಿಯರ್‌ಗಳು, ಕೃಷಿ ತಂತ್ರಜ್ಞರು ದೊರೆಯುವುದಿಲ್ಲ. ಈ ಕೊರತೆ ತುಂಬಲು ಆ ದೇಶಗಳು ಮಾಡಿಕೊಂಡ ಏರ್ಪಾಡೇ ಪ್ರಾದೇಶಿಕ ಹಾದಿ. ನಾವು ಸೂಚಿಸಿದ ಊರಿನಲ್ಲಿ ಇಷ್ಟು ವರ್ಷ ನೆಲೆಸು, ಕಾಯಂ ನಿವಾಸದ ಹಕ್ಕಿಗೆ ನಿನ್ನನ್ನು ಪರಿಗಣಿಸುತ್ತೇವೆ ಎಂಬುದು ಅದರ ತಿರುಳು. ಇಲ್ಲಿ ಕಾಲೇಜಿನ ಹೆಸರಿಗಿಂತ ಕಾಲೇಜಿರುವ ಊರಿಗೆ ತೂಕ ಹೆಚ್ಚು. ಆದರೆ ನಮ್ಮಲ್ಲಿ ಬಹುತೇಕರು ಮೊದಲು ಕೋರ್ಸ್, ನಂತರ ಸಾಲ, ನಂತರ ವೀಸಾ ಎಂಬ ಕ್ರಮದಲ್ಲಿ ಸಾಗುತ್ತಾರೆ. ಭೂಪಟ ಬಿಡಿಸಿ ನೋಡುವುದು ಕಟ್ಟಕಡೆಗೆ.

ಆಸ್ಟ್ರೇಲಿಯಾ: ಪಿನ್‌ಕೋಡ್ ನಿರ್ಧರಿಸುವ ವೀಸಾ

ಆಸ್ಟ್ರೇಲಿಯಾದಲ್ಲಿ ಈ ವ್ಯವಸ್ಥೆ ಅಕ್ಷರಶಃ ಪಿನ್‌ಕೋಡ್ ಆಧಾರಿತ. 2019ರ ನವೆಂಬರ್ 16ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಮಹಾನಗರಗಳನ್ನು ಬಿಟ್ಟು ಉಳಿದ ಇಡೀ ದೇಶವೇ 'ಪ್ರಾದೇಶಿಕ'. ಪರ್ತ್, ಅಡಿಲೇಡ್, ರಾಜಧಾನಿ ಕ್ಯಾನ್‌ಬೆರಾ, ಗೋಲ್ಡ್ ಕೋಸ್ಟ್, ಹೋಬಾರ್ಟ್, ಜೀಲಾಂಗ್‌ಗಳು ಕೂಡ ಈ ಪಟ್ಟಿಯಲ್ಲಿವೆ ಎಂಬುದು ಹಲವರಿಗೆ ಅಚ್ಚರಿ ತರಬಹುದು. ಪ್ರಾದೇಶಿಕ ಎಂದರೆ ಕಾಂಗರೂ ಓಡಾಡುವ ಬಯಲು ಎಂದು ಭಾವಿಸಬೇಕಿಲ್ಲ.

ಈ ಪೈಕಿ ಮುಖ್ಯವಾದುದು 491 ಸಂಖ್ಯೆಯ ವೀಸಾ. ಇದರ ಅವಧಿ ಐದು ವರ್ಷ. ಒಂದು ರಾಜ್ಯ ಸರ್ಕಾರ ನಾಮನಿರ್ದೇಶನ ಮಾಡಬೇಕು, ಇಲ್ಲವೆ ಪ್ರಾದೇಶಿಕ ಭಾಗದಲ್ಲಿ ನೆಲೆಸಿರುವ ಅರ್ಹ ಬಂಧು ಪ್ರಾಯೋಜಿಸಬೇಕು. ವೀಸಾ ಪಡೆದವರು ಪ್ರಾದೇಶಿಕ ಭಾಗದಲ್ಲೇ ವಾಸಿಸಬೇಕು, ದುಡಿಯಬೇಕು, ಓದಬೇಕು. ಮೂರು ವರ್ಷ ಈ ಷರತ್ತು ಪಾಲಿಸಿ, ಮೂರು ಆದಾಯ ವರ್ಷಗಳ ತೆರಿಗೆ ದಾಖಲೆ ತೋರಿಸಿದವರು ಕಾಯಂ ನಿವಾಸ ನೀಡುವ 191 ವೀಸಾಕ್ಕೆ ಅರ್ಜಿ ಹಾಕಬಹುದು. ನಡುವೆ ಸಿಡ್ನಿಯ ಗೆಳೆಯನ ಕೋಣೆಗೆ ವಾಸ ಬದಲಿಸಿದರೆ ಷರತ್ತು ಮುರಿದಂತೆ. ಉದ್ಯೋಗದಾತರೇ ಪ್ರಾಯೋಜಿಸುವ 494 ವೀಸಾ ಇದರ ಜೋಡಿ.

ಅಂಕಗಳ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಸಿಂದಗಿಯ 30 ವರ್ಷದ ಎಂಜಿನಿಯರ್ ಒಬ್ಬರಿಗೆ ವಯಸ್ಸಿಗಾಗಿ 30, ಪದವಿಗಾಗಿ 15, ಐಇಎಲ್‌ಟಿಎಸ್ ಪರೀಕ್ಷೆಯ ಪ್ರತಿ ವಿಭಾಗದಲ್ಲೂ 7 ಪಡೆದಿದ್ದರೆ 10, ಸ್ವದೇಶದ ಮೂರು ವರ್ಷಗಳ ಅನುಭವಕ್ಕೆ 5 ಅಂಕ ದೊರೆಯುತ್ತವೆ. ಒಟ್ಟು 60. ಅರ್ಜಿ ಹಾಕಲು ಕನಿಷ್ಠ 65 ಬೇಕು. ಅಂದರೆ ಅವರು ಬಾಗಿಲಿನ ಹೊರಗೇ ನಿಂತರು. ರಾಜ್ಯವೊಂದು 491ಕ್ಕೆ ನಾಮನಿರ್ದೇಶನ ಮಾಡಿದರೆ 15 ಅಂಕ ಸೇರಿ 75 ಆಗುತ್ತದೆ. ಪ್ರಾದೇಶಿಕ ಹಾದಿಯ ಬೆಲೆ ತಿಳಿಯುವುದು ಇಲ್ಲಿ. ಅವಿವಾಹಿತರಿಗೆ 10 ಅಂಕ ಪ್ರತ್ಯೇಕವಾಗಿ ಸಿಗುತ್ತದೆ. ಮೂವತ್ತಕ್ಕೆ ಮದುವೆಯಾಗಿಲ್ಲವೆಂದು ನಮ್ಮ ಕಡೆ ಬೈಸಿಕೊಳ್ಳುವವರಿಗೆ ಇದೊಂದು ಸಮಾಧಾನ. ಆದರೆ 65 ಕೇವಲ ಹೊಸ್ತಿಲು. ಆಹ್ವಾನ ಬರುವುದು ಅದಕ್ಕಿಂತ ಹೆಚ್ಚು ಅಂಕವಿದ್ದವರಿಗೆ, ಅದೂ ವೃತ್ತಿಯ ಬೇಡಿಕೆಯನ್ನು ನೋಡಿ. ಆಹ್ವಾನದ ವೇಳೆಗೆ ವಯಸ್ಸು 45 ತುಂಬಿರಬಾರದು.

ಇದಕ್ಕೂ ಮೊದಲು ವೃತ್ತಿ ಕೌಶಲದ ಮೌಲ್ಯಮಾಪನ ಆಗಿರಬೇಕು. ಎಂಜಿನಿಯರ್‌ಗಳಿಗೆ 'ಎಂಜಿನಿಯರ್ಸ್ ಆಸ್ಟ್ರೇಲಿಯಾ', ಕಂಪ್ಯೂಟರ್ ಕ್ಷೇತ್ರದವರಿಗೆ 'ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ', ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ 'ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ' ಸಂಸ್ಥೆಗಳು ಈ ಕೆಲಸ ಮಾಡುತ್ತವೆ. ನಮ್ಮ ಭಾಗದ ಎಂಜಿನಿಯರ್‌ಗಳು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಎಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಭಾರತಕ್ಕೆ 2014ರ ಜೂನ್‌ನಲ್ಲಿ ಸಿಕ್ಕಿತು. ಆದರೆ ರಾಷ್ಟ್ರೀಯ ಮಾನ್ಯತಾ ಮಂಡಳಿಯು ಮೊದಲ ಶ್ರೇಣಿಯ ಮಾನ್ಯತೆ ನೀಡಿದ ಕೋರ್ಸ್‌ಗಳಿಗೆ ಮಾತ್ರ ಅದು ಅನ್ವಯ. ಸ್ವಾಯತ್ತತೆಯಿಲ್ಲದ ಸಂಯೋಜಿತ ಕಾಲೇಜುಗಳ ಪದವೀಧರರು ತಾವು ಮಾಡಿದ ಕೆಲಸಗಳ ವಿಸ್ತೃತ ವರದಿ ಬರೆದು ಸಾಮರ್ಥ್ಯ ಸಾಬೀತುಪಡಿಸಬೇಕಾಗುತ್ತದೆ. ಈ ವರದಿಯನ್ನು ಹಣ ಪಡೆದು ಬರೆದುಕೊಡುವವರೂ ಇದ್ದಾರೆ. ನಕಲು ಪತ್ತೆಯಾದರೆ ಅರ್ಜಿ ತಿರಸ್ಕೃತವಾಗುವುದಲ್ಲದೆ ಕೆಲಕಾಲ ಮತ್ತೆ ಅರ್ಜಿ ಹಾಕದಂತೆ ನಿರ್ಬಂಧವೂ ಬೀಳುತ್ತದೆ.

ಅಲ್ಲಿಯೇ ಓದಲು ಹೋಗುವವರಿಗೂ ಊರು ಮುಖ್ಯ. ಪ್ರಾದೇಶಿಕ ಭಾಗದಲ್ಲಿ ಎರಡು ಶೈಕ್ಷಣಿಕ ವರ್ಷ ನೆಲೆಸಿ ಓದಿದವರಿಗೆ 5 ಅಂಕ ಹೆಚ್ಚುವರಿಯಾಗಿ ಸಿಗುತ್ತದೆ. ಪದವಿಯ ನಂತರ ದುಡಿಯಲು ನೀಡುವ 485 ವೀಸಾವನ್ನು ಪರ್ತ್, ಅಡಿಲೇಡ್‌ನಂತಹ ಕಡೆ ಒಂದು ವರ್ಷ, ಇನ್ನೂ ದೂರದ ಊರುಗಳಲ್ಲಿ ಎರಡು ವರ್ಷ ಮುಂದುವರಿಸಿಕೊಳ್ಳುವ ಅವಕಾಶವೂ ಇದೆ. 2024ರ ಜುಲೈ 1ರಿಂದ ಈ ವೀಸಾದ ವಯೋಮಿತಿಯನ್ನು ಬಹುತೇಕರಿಗೆ 35ಕ್ಕೆ ಇಳಿಸಲಾಗಿದೆ. ಕೆಲವು ವರ್ಷ ನೌಕರಿ ಮಾಡಿ ನಂತರ ಓದಲು ಹೊರಡುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ವಿದ್ಯಾರ್ಥಿ ವೀಸಾದ ಶುಲ್ಕ 2025ರ ಜುಲೈನಲ್ಲಿ 2,000 ಆಸ್ಟ್ರೇಲಿಯನ್ ಡಾಲರ್‌ಗೆ ಏರಿತು. ವೀಸಾ ನಿರಾಕರಿಸಿದರೂ ಈ ಹಣ ಹಿಂದಿರುಗುವುದಿಲ್ಲ.

ಹೊಸದಾಗಿ ಪದವಿ ಪಡೆದ ಭಾರತೀಯರಿಗಾಗಿ 2024ರ ಡಿಸೆಂಬರ್‌ನಲ್ಲಿ 'ಮೇಟ್ಸ್' ಎಂಬ ಯೋಜನೆ ಆರಂಭವಾಯಿತು. ವರ್ಷಕ್ಕೆ 3,000 ಮಂದಿಗೆ ಎರಡು ವರ್ಷ ದುಡಿಯುವ ಅವಕಾಶ, ಆಯ್ಕೆ ಲಾಟರಿ ಮೂಲಕ. ಆದರೆ ಎನ್‌ಐಆರ್‌ಎಫ್ ಶ್ರೇಯಾಂಕದ ಮೊದಲ ನೂರರಲ್ಲಿರುವ ಸಂಸ್ಥೆಯಲ್ಲಿ ಓದಿರಬೇಕೆಂಬ ಷರತ್ತಿದೆ. ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಪದವಿ ಮುಗಿಸಿದವರಿಗೆ ಈ ಬಾಗಿಲು ಮುಚ್ಚಿದಂತೆಯೇ. ಅವರ ಮಟ್ಟಿಗೆ 491ರಂತಹ ಹಾದಿಗಳು ಮುಖ್ಯವಾಗುವುದು ಈ ಕಾರಣಕ್ಕೂ ಹೌದು.

ಕೆನಡಾ: ಪ್ರಾಂತ, ಪಟ್ಟಣ, ಉದ್ಯೋಗದಾತ

ಕೆನಡಾದಲ್ಲಿ ಹಾದಿ ಒಂದಲ್ಲ. ಹಳೆಯದು ಪ್ರಾಂತ ನಾಮನಿರ್ದೇಶನ ಕಾರ್ಯಕ್ರಮ. 1998ರಲ್ಲಿ ಮ್ಯಾನಿಟೋಬಾ ಪ್ರಾಂತ ಇದನ್ನು ಮೊದಲು ಆರಂಭಿಸಿತು. ಈಗ ಕ್ಯುಬೆಕ್ ಮತ್ತು ನುನಾವುಟ್ ಹೊರತುಪಡಿಸಿ ಉಳಿದೆಲ್ಲ ಪ್ರಾಂತಗಳು ಮತ್ತು ಪ್ರದೇಶಗಳು ಇದರಲ್ಲಿವೆ. ಒಂದು ಪ್ರಾಂತ ತನ್ನ ಅಗತ್ಯಕ್ಕೆ ತಕ್ಕವರನ್ನು ನಾಮನಿರ್ದೇಶನ ಮಾಡಿದರೆ, ಕೇಂದ್ರದ 'ಎಕ್ಸ್‌ಪ್ರೆಸ್ ಎಂಟ್ರಿ' ಪದ್ಧತಿಯಲ್ಲಿ ಅವರಿಗೆ 600 ಅಂಕ ಸೇರುತ್ತದೆ. ಅಷ್ಟು ಅಂಕ ಬಂದರೆ ಆಹ್ವಾನ ಬಹುತೇಕ ಖಚಿತ. ಆದರೆ ಕೋಟಾದ ಏರಿಳಿತ ನೋಡಿ. 2024ರ ಯೋಜನೆಯಲ್ಲಿ 1,10,000 ಇದ್ದ ಗುರಿಯನ್ನು 2025ಕ್ಕೆ 55,000ಕ್ಕೆ ಇಳಿಸಲಾಯಿತು. 2026ಕ್ಕೆ ಮತ್ತೆ 91,500ಕ್ಕೆ ಏರಿಸಲಾಗಿದೆ. 2023ರಲ್ಲಿ ಕೋರ್ಸ್ ಸೇರಿ 2025ರಲ್ಲಿ ಮುಗಿಸಿದ ವಿದ್ಯಾರ್ಥಿಯ ತಪ್ಪು ಏನೂ ಇಲ್ಲದಿದ್ದರೂ ಅವನ ಸರದಿಗೆ ಬಾಗಿಲು ಅರ್ಧ ಮುಚ್ಚಿತ್ತು.

ಎರಡನೆಯದು ಅಟ್ಲಾಂಟಿಕ್ ವಲಸೆ ಕಾರ್ಯಕ್ರಮ. ನ್ಯೂ ಬ್ರನ್ಸ್‌ವಿಕ್, ನೋವಾ ಸ್ಕೋಷಿಯಾ, ಪ್ರಿನ್ಸ್ ಎಡ್ವರ್ಡ್ ದ್ವೀಪ, ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತಗಳಿಗೆ ಸೀಮಿತ. 2017ರಲ್ಲಿ ಪ್ರಯೋಗವಾಗಿ ಆರಂಭವಾಗಿ 2022ರ ಜನವರಿಯಲ್ಲಿ ಕಾಯಂ ಆಯಿತು. ಸರ್ಕಾರ ಮಾನ್ಯ ಮಾಡಿದ ಉದ್ಯೋಗದಾತರಿಂದ ಕೆಲಸದ ಪತ್ರ ಇರಲೇಬೇಕು. ಅಲ್ಲಿನ ಮಾನ್ಯ ಸಂಸ್ಥೆಯಲ್ಲಿ ಎರಡು ವರ್ಷದ ಕೋರ್ಸ್ ಮುಗಿಸಿ, ಪದವಿಗೆ ಹಿಂದಿನ ಎರಡು ವರ್ಷಗಳಲ್ಲಿ ಕನಿಷ್ಠ 16 ತಿಂಗಳು ಅಲ್ಲಿಯೇ ವಾಸವಿದ್ದವರಿಗೆ ಕೆಲಸದ ಅನುಭವದ ಷರತ್ತಿಲ್ಲ. ಪದವಿ ಮುಗಿಸಿ ಇನ್ನೂ ನೌಕರಿ ಹಿಡಿಯದವರ ಪಾಲಿಗೆ ಇದು ದೊಡ್ಡ ರಿಯಾಯಿತಿ.

ಮೂರನೆಯದು ಗ್ರಾಮೀಣ ಸಮುದಾಯ ವಲಸೆಯ ಪ್ರಾಯೋಗಿಕ ಯೋಜನೆ. 2019ರಲ್ಲಿ 11 ಸಮುದಾಯಗಳೊಂದಿಗೆ ಆರಂಭವಾಗಿದ್ದ ಹಿಂದಿನ ಯೋಜನೆ 2024ರ ಆಗಸ್ಟ್‌ನಲ್ಲಿ ಅರ್ಜಿ ಪಡೆಯುವುದನ್ನು ನಿಲ್ಲಿಸಿತು. 2025ರ ಜನವರಿ 30ರಂದು ಈ ಹೊಸ ಯೋಜನೆ ಘೋಷಣೆಯಾಯಿತು. ಸಡ್ಬರಿ, ಟಿಮಿನ್ಸ್, ಥಂಡರ್ ಬೇ, ಬ್ರ್ಯಾಂಡನ್, ಸ್ಟೈನ್‌ಬಾಕ್, ಮೂಸ್ ಜಾ, ಕ್ಲೇರ್ಸ್‌ಹೋಮ್ ಸೇರಿದಂತೆ 14 ಸಮುದಾಯಗಳು ಇದರಲ್ಲಿವೆ. ಇವು ಎಂತಹ ಊರುಗಳು? ಕ್ಲೇರ್ಸ್‌ಹೋಮ್‌ನ ಜನಸಂಖ್ಯೆ 2021ರ ಗಣತಿಯಂತೆ ನಾಲ್ಕು ಸಾವಿರಕ್ಕೂ ಕಡಿಮೆ. ಇಂಡಿಯ ಸಂತೆಯ ದಿನ ಅದಕ್ಕಿಂತ ಹೆಚ್ಚು ಜನ ಸೇರಿದರೆ ಆಶ್ಚರ್ಯವಿಲ್ಲ. ಟಿಮಿನ್ಸ್, ಬ್ರ್ಯಾಂಡನ್‌ಗಳ ಚಳಿಗಾಲದಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿಳಿಯುವುದುಂಟು. ಮೇ ತಿಂಗಳ ವಿಜಯಪುರದಲ್ಲಿ ಬೆಳೆದವರು ಇದನ್ನು ಕೇವಲ ಅಂಕಿಯೆಂದು ಓದಿ ಮುಂದೆ ಹೋಗಬಾರದು.

ಈ ಯೋಜನೆಯಲ್ಲೂ ಸಮುದಾಯವು ಮಾನ್ಯ ಮಾಡಿದ ಉದ್ಯೋಗದಾತರ ಕೆಲಸದ ಪತ್ರ ಬೇಕು. ಜೊತೆಗೆ ಕಳೆದ ಮೂರು ವರ್ಷಗಳಲ್ಲಿ ಅದೇ ವೃತ್ತಿಯ ಒಂದು ವರ್ಷದ, ಅಂದರೆ 1,560 ಗಂಟೆಗಳ ಅನುಭವ ಇರಬೇಕು. ಆ ಸಮುದಾಯದಲ್ಲೇ ನೆಲೆಸಿ ಓದಿದವರಿಗೆ ಅನುಭವದಿಂದ ವಿನಾಯಿತಿ ಇದೆ. ಕೆನಡಾ ಮತ್ತು ಆಸ್ಟ್ರೇಲಿಯಾಗಳ ನಡುವಿನ ಒಂದು ಭೇದವನ್ನೂ ಇಲ್ಲಿ ಹೇಳಬೇಕು. ಕೆನಡಾದಲ್ಲಿ ಕಾಯಂ ನಿವಾಸ ದೊರೆತ ಮೇಲೆ ಯಾವ ಪ್ರಾಂತಕ್ಕಾದರೂ ಹೋಗುವ ಹಕ್ಕನ್ನು ಅಲ್ಲಿನ ಸಂವಿಧಾನವೇ ನೀಡುತ್ತದೆ. ಆದರೆ ಅರ್ಜಿ ಹಾಕುವಾಗ ಆ ಪ್ರಾಂತದಲ್ಲಿ ನೆಲೆಸುವ ಇಚ್ಛೆ ಪ್ರಾಮಾಣಿಕವಾಗಿರಬೇಕು. ಸುಳ್ಳು ಹೇಳಿದ್ದು ಸಾಬೀತಾದರೆ ಪಡೆದ ಹಕ್ಕೂ ಹೋಗಬಹುದು.

ಓದಲು ಹೋಗುವವರ ಮಟ್ಟಿಗೆ ಕೆನಡಾ 2024ರಿಂದ ಬಹಳ ಬಿಗಿಯಾಗಿದೆ. ಆ ವರ್ಷದ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹೇರಲಾಯಿತು. ಭಾರತೀಯರು ಹೆಚ್ಚಾಗಿ ಬಳಸುತ್ತಿದ್ದ ತ್ವರಿತ ಪರಿಶೀಲನೆಯ 'ಎಸ್‌ಡಿಎಸ್' ವ್ಯವಸ್ಥೆ ನವೆಂಬರ್ 8ಕ್ಕೆ ರದ್ದಾಯಿತು. ಜೀವನ ವೆಚ್ಚಕ್ಕೆಂದು ತೋರಿಸಬೇಕಾದ ಹಣ 10,000 ಕೆನಡಾ ಡಾಲರ್‌ನಿಂದ 20,635ಕ್ಕೆ, 2025ರ ಸೆಪ್ಟೆಂಬರ್‌ನಿಂದ 22,895ಕ್ಕೆ ಏರಿತು. ಕಾಲೇಜು ಶುಲ್ಕ ಇದರಲ್ಲಿ ಸೇರಿಲ್ಲ. ಪದವಿಯ ನಂತರದ ಉದ್ಯೋಗ ಪರವಾನಗಿಗೂ ಷರತ್ತುಗಳು ಬಂದವು. 2024ರ ನವೆಂಬರ್ 1ರ ನಂತರ ವಿದ್ಯಾರ್ಥಿ ಪರವಾನಗಿಗೆ ಅರ್ಜಿ ಹಾಕಿ ಡಿಪ್ಲೊಮಾ ಮಟ್ಟದ ಕೋರ್ಸ್ ಸೇರಿದವರಿಗೆ ಸರ್ಕಾರ ಸೂಚಿಸಿದ ವಿಷಯಗಳಿದ್ದರೆ ಮಾತ್ರ ಈ ಪರವಾನಗಿ. ಸರ್ಕಾರಿ ಕಾಲೇಜಿನ ಪಠ್ಯವನ್ನು ಖಾಸಗಿ ಕ್ಯಾಂಪಸ್‌ನಲ್ಲಿ ಬೋಧಿಸುವ ಕೋರ್ಸ್‌ಗಳಿಗೆ ಹೊಸದಾಗಿ ಸೇರುವವರಿಗೆ 2024ರ ಮೇ 15ರಿಂದಲೇ ಅದು ಇಲ್ಲ. ಕಡಿಮೆ ಶುಲ್ಕವೆಂದು ಆರಿಸಿಕೊಂಡ ಕೋರ್ಸ್ ಹೀಗೆ ಬರಿಯ ಪ್ರಮಾಣಪತ್ರವಾಗಿ ಉಳಿಯುವ ಅಪಾಯವಿದೆ.

ವೈದ್ಯರಿಗೆ ಬೇರೆಯದೇ ದಾರಿ

ವಿಜಯಪುರ ನಗರದಲ್ಲಿ ಬಿಎಲ್‌ಡಿಇ ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳಿರುವುದರಿಂದ ವೈದ್ಯರ ಕುರಿತು ಒಂದೆರಡು ಮಾತು. ಅಮೆರಿಕದಲ್ಲಿ ಸಾಮಾನ್ಯ ವೃತ್ತಿಪರರಿಗೆ ಇಂತಹ ಪ್ರಾದೇಶಿಕ ಹಾದಿಯಿಲ್ಲ. ಆದರೆ 1994ರಿಂದ 'ಕಾನ್ರಾಡ್ 30' ಎಂಬ ವ್ಯವಸ್ಥೆಯಿದೆ. ಜೆ-1 ವೀಸಾದಲ್ಲಿ ತರಬೇತಿ ಪಡೆದ ವಿದೇಶಿ ವೈದ್ಯರು ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ನಿಯಮದಿಂದ ವಿನಾಯಿತಿ ಪಡೆಯಲು, ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಸೇವೆ ಸಲ್ಲಿಸಬೇಕು. ಪ್ರತಿ ರಾಜ್ಯಕ್ಕೆ ವರ್ಷಕ್ಕೆ 30 ಅವಕಾಶ. ಆಸ್ಟ್ರೇಲಿಯಾದಲ್ಲಿ ಹೊರದೇಶದಲ್ಲಿ ತರಬೇತಾದ ವೈದ್ಯರು ಸರ್ಕಾರಿ ವಿಮೆ ಮೆಡಿಕೇರ್‌ನ ಸೌಲಭ್ಯದಡಿ ಚಿಕಿತ್ಸೆ ನೀಡಲು ಹತ್ತು ವರ್ಷಗಳವರೆಗೆ ಕೊರತೆಯ ಪ್ರದೇಶಗಳಲ್ಲೇ ಇರಬೇಕಾಗುತ್ತದೆ. ಗ್ರಾಮೀಣ ಸೇವೆ ಕಡ್ಡಾಯ ಎಂದಾಗ ಇಲ್ಲಿ ಏಳುವ ಆಕ್ಷೇಪ ಅಲ್ಲಿ ಕೇಳುವುದಿಲ್ಲ ಎಂಬುದು ಬೇರೆ ಮಾತು.

ಜರ್ಮನಿಯಲ್ಲಿ 2024ರ ಜೂನ್ 1ರಿಂದ ಕೆಲಸ ಹುಡುಕಲು ಒಂದು ವರ್ಷ ಅವಕಾಶ ನೀಡುವ 'ಅವಕಾಶ ಕಾರ್ಡ್' ಜಾರಿಯಲ್ಲಿದೆ. ಭಾಷೆ ಅಲ್ಲಿನ ನಿಜವಾದ ಗಡಿ. ನರ್ಸಿಂಗ್ ಓದಿದವರು ಜರ್ಮನ್ ಕಲಿಯದೆ ಆ ಕಡೆ ಯೋಚಿಸುವುದು ವ್ಯರ್ಥ.

ಹತ್ತು ಎಕರೆ ಹೊಲವಿದ್ದರೂ ಸಾಲ ಏಕಿಲ್ಲ?

ನಾಲ್ಕೂ ತಾಲ್ಲೂಕುಗಳಲ್ಲಿ ಲಿಂಬೆ, ದ್ರಾಕ್ಷಿ, ತೊಗರಿ, ಕಬ್ಬು ಬೆಳೆಯುವ ಕುಟುಂಬಗಳು ಎದುರಿಸುವ ಪ್ರಶ್ನೆ ಇದು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿವರೆಗೆ ಆಸ್ತಿಯ ಭದ್ರತೆ ಬೇಕಿಲ್ಲ. ಅದಕ್ಕೆ ಮೇಲ್ಪಟ್ಟರೆ ಬೇಕು. ವಿದೇಶ ವ್ಯಾಸಂಗದ ವೆಚ್ಚ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಕೃಷಿ ಭೂಮಿಯನ್ನು ಭದ್ರತೆಯಾಗಿ ಪಡೆಯಲು ಬ್ಯಾಂಕುಗಳು ಹಿಂಜರಿಯಲು ಕಾರಣ ಕಾನೂನಿನಲ್ಲಿದೆ. ಸಾಲ ವಸೂಲಿಗೆಂದು ಬ್ಯಾಂಕುಗಳು ಬಳಸುವ 2002ರ ಸರ್ಫೇಸಿ ಕಾಯ್ದೆಯ 31ನೇ ಕಲಮು ಕೃಷಿ ಭೂಮಿಯನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿದೆ. ರೈತನ ರಕ್ಷಣೆಗೆಂದು ಇರುವ ಕಲಮು ರೈತನ ಮಗನ ಸಾಲಕ್ಕೆ ಅಡ್ಡಬರುತ್ತದೆ. ಕೊನೆಗೆ ಪಟ್ಟಣದ ಮನೆಯನ್ನೋ ಎನ್‌ಎ ಆದ ನಿವೇಶನವನ್ನೋ ಒತ್ತೆಯಿಡಬೇಕು. ಅವೂ ಇಲ್ಲದವರು ಹೊಲ ಮಾರುತ್ತಾರೆ, ಇಲ್ಲವೆ ಕೈಸಾಲಕ್ಕೆ ಇಳಿಯುತ್ತಾರೆ.

ಸಾಲದ ಕಂತನ್ನು ಡಾಲರ್ ಸಂಬಳದ ಲೆಕ್ಕದಲ್ಲಿ ಹಾಕಿಕೊಳ್ಳುವುದೇ ವಾಡಿಕೆ. ಎರಡೇ ವರ್ಷಗಳಲ್ಲಿ ಕೆನಡಾದ ನಿಯಮಗಳು ಎಷ್ಟು ಬಾರಿ ಬದಲಾದವು ಎಂಬುದನ್ನು ಮೇಲೆ ನೋಡಿದ್ದೇವೆ. ಓದು ಮುಗಿಸಿ ಊರಿಗೆ ಮರಳಬೇಕಾಗಿ ಬಂದರೆ ಇಲ್ಲಿನ ಸಂಬಳದಲ್ಲಿ ಕಂತು ಕಟ್ಟಲು ಸಾಧ್ಯವೇ ಎಂಬ ಲೆಕ್ಕವನ್ನೂ ಅದೇ ಕಾಗದದ ಮೇಲೆ ಮಾಡಿಡಬೇಕು. ಸಾಲಕ್ಕೆ ಮೊದಲು ಸರ್ಕಾರದ ನೆರವನ್ನು ವಿಚಾರಿಸುವುದೂ ಒಳಿತು. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ 'ಪ್ರಬುದ್ಧ' ಯೋಜನೆಯಿದೆ. ಅಲ್ಪಸಂಖ್ಯಾತರಿಗೆ ಅವರ ಅಭಿವೃದ್ಧಿ ನಿಗಮದ ವಿದೇಶ ವ್ಯಾಸಂಗ ಸಾಲವಿದೆ.

ಬಿಜಾಪುರ, ವಿಜಯಪುರ ಮತ್ತು ಅಡ್ಡಹೆಸರಿನ ತೊಡಕು

ಅರ್ಜಿಗಳು ತಡವಾಗುವುದು ಹಲವು ಬಾರಿ ದೊಡ್ಡ ಕಾರಣಕ್ಕಲ್ಲ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. ನಂತರ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಪ್ರತ್ಯೇಕ ತಾಲ್ಲೂಕುಗಳಾದವು. ಹೀಗಾಗಿ ಒಬ್ಬನೇ ವ್ಯಕ್ತಿಯ ಜನನ ಪ್ರಮಾಣಪತ್ರದಲ್ಲಿ ಒಂದು ತಾಲ್ಲೂಕು, ಆಧಾರ್‌ನಲ್ಲಿ ಇನ್ನೊಂದು ಇರುವುದು ಸಾಮಾನ್ಯ. ಇದನ್ನು ಕ್ಲೇರ್ಸ್‌ಹೋಮ್‌ನ ಕಡತ ನೋಡುವ ಅಧಿಕಾರಿ ತಾನಾಗಿ ಊಹಿಸಲಾರ. ಹೆಸರಿನ ತೊಡಕು ಇನ್ನೂ ದೊಡ್ಡದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನೊಂದಿಗೆ ತಂದೆಯ ಹೆಸರು ಮತ್ತು ಅಡ್ಡಹೆಸರು, ಪದವಿ ಪತ್ರದಲ್ಲಿ ಬರಿಯ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಬಿರಾದಾರ, ಪಾಟೀಲ, ಹಿರೇಮಠ ಮುಂತಾದ ಅಡ್ಡಹೆಸರುಗಳ ಇಂಗ್ಲಿಷ್ ಕಾಗುಣಿತವೂ ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆ.

ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವ ಮುನ್ನವೇ ಇದನ್ನು ಸರಿಪಡಿಸಿಕೊಳ್ಳುವುದು ಜಾಣತನ. ಈಗ ವಿಜಯಪುರದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಆದರೆ ವೀಸಾಕ್ಕೆ ಬೆರಳಚ್ಚು ನೀಡಲು ಬೆಂಗಳೂರಿನಂತಹ ದೊಡ್ಡ ನಗರಕ್ಕೆ ಹೋಗಲೇಬೇಕು. ಭಾಷಾ ಪರೀಕ್ಷೆಯ ಫಲಿತಾಂಶ ಕೆನಡಾಕ್ಕೆ ಎರಡು ವರ್ಷ, ಆಸ್ಟ್ರೇಲಿಯಾದ ಕೌಶಲ ವೀಸಾಗಳಿಗೆ ಮೂರು ವರ್ಷ ಮಾನ್ಯ. ಪದವಿ ಮೌಲ್ಯಮಾಪನ ವರದಿ ಕೆನಡಾಕ್ಕೆ ಐದು ವರ್ಷ ನಡೆಯುತ್ತದೆ. ಯಾವುದನ್ನು ಮೊದಲು ಮಾಡಿಸಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ.

ಏಜೆಂಟರ ಮಾತು, ಕಾನೂನಿನ ಮಾತು

'ಪಿಆರ್ ಗ್ಯಾರಂಟಿ' ಎಂದು ಹೇಳುವ ಅಧಿಕಾರ ಯಾವ ಏಜೆಂಟರಿಗೂ ಇಲ್ಲ. 2023ರಲ್ಲಿ ನಕಲಿ ಪ್ರವೇಶ ಪತ್ರಗಳ ಪ್ರಕರಣ ಬಯಲಾಗಿ, ಕೆನಡಾದಲ್ಲಿದ್ದ ಅನೇಕ ಭಾರತೀಯ ವಿದ್ಯಾರ್ಥಿಗಳು ಗಡಿಪಾರಿನ ಭೀತಿ ಎದುರಿಸಿದರು. ಅವರಲ್ಲಿ ಹೆಚ್ಚಿನವರು ಪಂಜಾಬಿನವರು. ಓದು ಮುಗಿಸಿ, ನೌಕರಿಯನ್ನೂ ಹಿಡಿದು, ಕಾಯಂ ನಿವಾಸಕ್ಕೆ ಅರ್ಜಿ ಹಾಕಿದಾಗಲೇ ಹಲವರಿಗೆ ತಮ್ಮ ಮೊದಲ ಪತ್ರ ನಕಲಿಯೆಂದು ತಿಳಿದದ್ದು. ಅದೇ ವರ್ಷದ ಡಿಸೆಂಬರ್ 1ರಿಂದ ಪ್ರವೇಶ ಪತ್ರಗಳನ್ನು ಕೆನಡಾ ಸರ್ಕಾರವು ಕಾಲೇಜಿನಿಂದಲೇ ನೇರವಾಗಿ ದೃಢಪಡಿಸಿಕೊಳ್ಳುತ್ತಿದೆ.

ಇಲ್ಲೊಂದು ಸಂಗತಿ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. 1983ರ ವಲಸೆ ಕಾಯ್ದೆಯಡಿ ನೋಂದಣಿ ಬೇಕಿರುವುದು ವಿದೇಶಿ ಉದ್ಯೋಗಕ್ಕೆ ನೇಮಕ ಮಾಡುವ ಏಜೆಂಟರಿಗೆ. ವಿದ್ಯಾರ್ಥಿ ವೀಸಾ ಮಾಡಿಸಿಕೊಡುವ ಕನ್ಸಲ್ಟೆನ್ಸಿಗಳು ಆ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರ ಯಾವುದರದು ಎಂದು ಓದಿ ನೋಡಬೇಕು. ಕೆನಡಾದ ವಲಸೆ ಸಲಹೆಗೆ ಶುಲ್ಕ ಪಡೆಯುವವರು ಅಲ್ಲಿನ ವಕೀಲರೋ ವಲಸೆ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿತರೋ ಆಗಿರಬೇಕು. ಆಸ್ಟ್ರೇಲಿಯಾದ ನೋಂದಾಯಿತ ವಲಸೆ ಏಜೆಂಟರಿಗೆ ಒಂದು ಸಂಖ್ಯೆ ಇರುತ್ತದೆ. ಎರಡೂ ಪಟ್ಟಿಗಳು ಅಂತರಜಾಲದಲ್ಲಿ ಉಚಿತವಾಗಿ ಲಭ್ಯ.

ಐಟಿಐ ಮುಗಿಸಿ ಅಥವಾ ಹತ್ತನೇ ತರಗತಿ ಪಾಸಾಗದೆ ಕೊಲ್ಲಿ ದೇಶಗಳತ್ತ ಹೊರಡುವವರ ಕಥೆ ಬೇರೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ವಲಸೆ ಅನುಮತಿ ಬೇಕಿರುವ ವರ್ಗದ್ದು. ಸೌದಿ ಅರೇಬಿಯಾ, ಯುಎಇ, ಕತಾರ್, ಕುವೈತ್, ಒಮಾನ್, ಬಹರೇನ್ ಸೇರಿ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವಾಗ ಅವರು ವಲಸಿಗರ ಸಂರಕ್ಷಕರ ಅನುಮತಿ ಪಡೆಯಬೇಕು. ಈ ಕಚೇರಿ ಬೆಂಗಳೂರಿನಲ್ಲೂ ಇದೆ. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳಿದರೆ ಕಾನೂನುಬಾಹಿರ. 'ಪ್ರವಾಸಿ ಭಾರತೀಯ ಬಿಮಾ ಯೋಜನೆ'ಯಡಿ ಎರಡು ವರ್ಷಕ್ಕೆ 275 ರೂಪಾಯಿ ಕಂತು ಕಟ್ಟಿದರೆ 10 ಲಕ್ಷ ರೂಪಾಯಿಯ ಅಪಘಾತ ವಿಮೆ ದೊರೆಯುತ್ತದೆ. ಏಜೆಂಟರ ನೋಂದಣಿ ನಿಜವೇ ಎಂಬುದನ್ನು ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ತಾಣದಲ್ಲಿ ನೋಡಬಹುದು. ರಾಜ್ಯ ಕೌಶಲ ಇಲಾಖೆಯ 'ಅಂತಾರಾಷ್ಟ್ರೀಯ ವಲಸೆ ಕೇಂದ್ರ–ಕರ್ನಾಟಕ' ಕೂಡ ವಿದೇಶಿ ಉದ್ಯೋಗಗಳಿಗೆ ಅಭ್ಯರ್ಥಿಗಳನ್ನು ಕಳುಹಿಸುವ ಕೆಲಸ ಮಾಡುತ್ತಿದೆ. ಸಂದೇಹವಿದ್ದವರು ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090ಕ್ಕೆ ಕರೆ ಮಾಡಿ ವಿಚಾರಿಸಬಹುದು.